ಹೊಳೆಯ ಆಚೆದಡದ ಪರೀಕ್ಷೆ

ಕಾಡಿನ ವಿದ್ಯಾಲಯದಲ್ಲಿ ಕೊನೆಯ ಪರೀಕ್ಷೆ ಹತ್ತಿರ ಬಂದಾಗಲೇ ಕೆಮ್ಮಿನ ರೋಗ ಹಬ್ಬಿತು. ಚಿಪ್ಪುಹಂದಿಗೂ ಜ್ವರ ಬಂತು. ಬೇರೆಯವರಿಗೆ ತಗಲಬಾರದೆಂದು ಅದು ಹೊಳೆಯಾಚೆಯ ಬಿಲದಲ್ಲಿ ಸುರುಳಿ ಸುತ್ತಿಕೊಂಡು ಮಲಗಿತು. ಪರೀಕ್ಷೆ ತಪ್ಪಿತು, ಇನ್ನು ಒಂದು ವರ್ಷವೇ ಹೋಯಿತು ಎಂದು ಒಳಗೊಳಗೇ ಕೊರಗಿತು.

ಒಂದು ಬೆಳಿಗ್ಗೆ ಎದುರು ದಡದಿಂದ ಕೊಕ್ಕರೆ ಗುರುಗಳ ದನಿ ಕೇಳಿಸಿತು. "ಮಗೂ, ಜ್ವರ ಇಳಿಯಿತೇ? ಹಾಗಾದರೆ ಅಲ್ಲೇ ಕೂತು ಉತ್ತರ ಹೇಳು. ನಾನು ಇಲ್ಲಿಂದಲೇ ಕೇಳಿಸಿಕೊಳ್ಳುತ್ತೇನೆ."

ಜೊತೆಗೆ ಬಂದಿದ್ದ ಗಿಳಿಗೆ ಇದು ಸರಿಬರಲಿಲ್ಲ. "ಗುರುಗಳೇ, ನಾವೆಲ್ಲ ಆಲದ ಕೆಳಗೆ ಉತ್ತರ ಹೇಳಿದೆವು. ಇದಕ್ಕೆ ಮಾತ್ರ ಬೇರೆ ದಿನ, ಬೇರೆ ಜಾಗವೆಂದರೆ ನ್ಯಾಯವೇ?"

"ಪ್ರಶ್ನೆಗಳು ನಿನ್ನವಷ್ಟೇ ಕಷ್ಟದವು. ಕಾಯಿಲೆ ಬಿದ್ದವರನ್ನು ನಪಾಸು ಮಾಡಲು ನಾನು ಪಾಠ ಹೇಳಲಿಲ್ಲ" ಎಂದರು ಕೊಕ್ಕರೆ.

ಚಿಪ್ಪುಹಂದಿ ಒಂದೊಂದಾಗಿ ಉತ್ತರಿಸಿತು. ಕೆಮ್ಮು ಬಂದಾಗಲೆಲ್ಲ ಗುರುಗಳು ಕಾದರು. ಕೊನೆಗೆ, "ತೇರ್ಗಡೆಯಾದೆ. ಇದನ್ನು ಮೊದಲ ಪ್ರಯತ್ನವೆಂದೇ ಎಣಿಸುತ್ತೇನೆ" ಎಂದರು.

ಚಿಪ್ಪುಹಂದಿಯ ಕಣ್ಣು ತುಂಬಿ ಬಂತು. "ನಿಮ್ಮ ಉಪಕಾರವನ್ನು ಹೇಗೆ ತೀರಿಸಲಿ, ಗುರುಗಳೇ?"

"ಮೊದಲು ಗುಣವಾಗು. ಇನ್ನೂ ಯಾರು ಮಲಗಿದ್ದಾರೆ, ಅದನ್ನು ಹೇಳು."

"ಬಿದಿರುಮೆಳೆಯ ಹಿಂದೆ ಮೊಲ ಕೆಮ್ಮುತ್ತಿದೆ."

ಕೊಕ್ಕರೆ ರೆಕ್ಕೆ ಬಿಚ್ಚುವಷ್ಟರಲ್ಲಿ, ಮೊಲಕ್ಕೆ ಸುದ್ದಿ ಮುಟ್ಟಿಸಲು ಗಿಳಿ ಆಗಲೇ ಮುಂದೆ ಹಾರಿತ್ತು.