ಮೇಣದ ಮೇಲಿನ ಹೆಬ್ಬೆರಳು

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಜಪಕ್ಕಿಂತ ಉಳಿಯ ಸದ್ದೇ ಹೆಚ್ಚು, ಯಾಕೆಂದರೆ ಗುರು ಕಾಳಪ್ಪಾಚಾರ್ಯರು ವೀಣೆ ಮಾಡುವವರು. ಅವರಿಗೆ ವಯಸ್ಸೆಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. "ನಮ್ಮಜ್ಜ ಹುಡುಗನಾಗಿದ್ದಾಗಲೂ ಅವರು ಹೀಗೇ ಇದ್ದರಂತೆ" ಎನ್ನುತ್ತಿದ್ದರು ಊರವರು.

ಶಿಷ್ಯ ಮೌನೇಶ ಬಂದು ಹನ್ನೆರಡು ವರ್ಷ ತುಂಬಿತ್ತು. ಅಂದು ಅವನ ಪರೀಕ್ಷೆ. ಹಳೆಯ ವೀಣೆಯೊಂದನ್ನು ನೋಡಿ, ಮಾಡಿದವರು ಯಾರು, ಎಷ್ಟು ವರ್ಷದ್ದು ಎಂದು ಹೇಳಬೇಕು. ಸರಿಯಾದರೆ ಗುರುಗಳು ಕೈಗೆ ಉಳಿ ಕೊಟ್ಟು ಕಳಿಸುತ್ತಾರೆ. ತಪ್ಪಿದರೆ ಇನ್ನೂ ಹನ್ನೆರಡು ವರ್ಷ.

ಊರಲ್ಲಿ ಸೋದರಮಾವನ ಮಗಳು ನೀಲವ್ವ ಕಾಯುತ್ತಿದ್ದಳು. ಉಳಿ ತಂದರೆ ಮದುವೆ, ಇಲ್ಲದಿದ್ದರೆ ಬೇರೆ ಗಂಡು ನೋಡುತ್ತೇನೆ ಎಂದು ಮಾವ ಖಡಾಖಂಡಿತವಾಗಿ ಹೇಳಿದ್ದ. ಇನ್ನೂ ಹನ್ನೆರಡು ವರ್ಷ ಯಾವ ಹೆಣ್ಣು ಕಾದಾಳು ಹೇಳಿ!

ಮಟಮಟ ಮಧ್ಯಾಹ್ನ. ಹೊಳೆಯಲ್ಲಿ ಒಂದು ಅಲೆಯಿಲ್ಲ, ದಂಡೆಯಲ್ಲಿ ಒಂದು ಕಾಗೆಯಿಲ್ಲ. ಗುರುಗಳು ಅಟ್ಟದಿಂದ ವೀಣೆಯೊಂದನ್ನು ಇಳಿಸಿ ಚಾಪೆಯ ಮೇಲಿಟ್ಟರು. ಅದಕ್ಕೆ ತಂತಿ ಒಂದೂ ಇರಲಿಲ್ಲ.

"ನೋಡಿ ಹೇಳಪ್ಪ."

ಮೌನೇಶ ವೀಣೆಯ ಕೊಡಕ್ಕೆ ಕಿವಿಯಿಟ್ಟ. ಒಳಗೆ ಏನೋ ಸಣ್ಣಗೆ ಗುಂಯ್‌ಗುಡುತ್ತಿತ್ತು. ಗಾಳಿ ಇರಬೇಕು ಎಂದುಕೊಂಡ. ಗಾಳಿ ಎಲ್ಲಿತ್ತು?

"ಹಲಸಿನ ಮರ, ಗುರುಗಳೇ. ಹಳದಿ ಹೋಗಿ ಕೆಂಪಾಗಿ, ಕೆಂಪೂ ಹೋಗಿ ಕಪ್ಪಾಗಿದೆ. ನೂರಿಪ್ಪತ್ತು ವರ್ಷಕ್ಕೆ ಕಡಿಮೆಯಿಲ್ಲ."

"ಭೇಷ್. ಮಾಡಿದವನು?"

ಮೇಲಿನ ಹಲಗೆ ಸಡಿಲಾಗಿತ್ತು. ಅದನ್ನು ಎತ್ತಿ ಒಳಗೆ ಬಗ್ಗಿ ನೋಡಿದ.

"ಉಳಿ ನಡೆದ ಓರೆ ನೋಡಿದರೆ ಎಡಚ." ಮೌನೇಶನೂ ಎಡಚನೇ. ಅದಕ್ಕೇ ಥಟ್ಟನೆ ಹೊಳೆಯಿತು.

"ಇನ್ನೇನು ಕಾಣುತ್ತದೆ?"

"ಕೈ ಚೆನ್ನಾಗಿದೆ, ಆದರೆ ಮೈಗಳ್ಳ. ನಾಲ್ಕು ಜನ ನೋಡುವ ಕಡೆಯೆಲ್ಲ ನುಣುಪು. ಒಳಗಡೆ ಒರಟೊರಟು ಬಿಟ್ಟು ಎದ್ದು ಹೋಗಿದ್ದಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದ್ದಾರೆಯೇ?"

ಗುರುಗಳು ನಕ್ಕರು. "ಪಾಪ, ಬೈಯಬೇಡವೋ. ಹೆಸರು ಹುಡುಕು, ನಾನು ನೀರು ತರುತ್ತೇನೆ." ಕೊಡ ಎತ್ತಿಕೊಂಡು ಹೊಳೆಗೆ ಇಳಿದರು.

ಅವರ ಕಸುಬಿನಲ್ಲಿ ವೀಣೆಯ ಮೇಲೆ ಯಾರೂ ಹೆಸರು ಕೆತ್ತುವುದಿಲ್ಲ. ಕರಿಮೇಣದಲ್ಲಿ ಸ್ವರದ ಕೊನೆಯ ಮೆಟ್ಟಿಲು ಕೂರಿಸಿದ ಮೇಲೆ, ಅದರ ಪಕ್ಕದ ಮೇಣಕ್ಕೆ ಹೆಬ್ಬೆರಳು ಒತ್ತುತ್ತಾರೆ. ಅದೇ ರುಜು. ಮುಂದೆ ಎಷ್ಟು ಸಲ ಮೇಣ ಬದಲಿಸಿದರೂ ಆ ಒಂದು ಉಂಡೆಯನ್ನು ಯಾರೂ ಮುಟ್ಟುವುದಿಲ್ಲ. ಹಳೆಯ ಆಚಾರ್ಯರ ಹೆಬ್ಬೆರಳುಗಳೆಲ್ಲ ಮೌನೇಶನಿಗೆ ಬಾಯಿಪಾಠ.

ಅವನು ಧೂಳು ಊದಿದ. ಗುರುತು ಕಂಡಿತು. ಅದರ ನಡುವೆ ಚೌತಿಯ ಚಂದ್ರನಂಥ ಒಂದು ಗಾಯದ ಗೆರೆ.

ಆಶ್ರಮಕ್ಕೆ ಬಂದ ಮೂರನೆಯ ವರ್ಷ ಉಳಿ ಜಾರಿ ಅವನ ಎಡಹೆಬ್ಬೆರಳು ಸೀಳಿತ್ತು. ಗುರುಗಳೇ ಅರಿಸಿನ ಮೆತ್ತಿ ಕಟ್ಟಿದ್ದರು. ಆ ಕಲೆ ಇನ್ನೂ ಇತ್ತು.

ತನ್ನ ಹೆಬ್ಬೆರಳನ್ನು ಗುರುತಿನ ಮೇಲಿಟ್ಟ. ಗೆರೆಗೆ ಗೆರೆ ಕೂತಿತು. ಹುತ್ತಕ್ಕೆ ಕೈಹಾಕಿದವನ ಹಾಗೆ ಹಿಂದಕ್ಕೆಳೆದುಕೊಂಡ.

'ಅಯ್ಯೋ ಶಿವನೇ! ನೂರಿಪ್ಪತ್ತು ವರ್ಷದ ವೀಣೆ ನಾನು ಮಾಡಿದ್ದು ಅಂದರೆ ಗುರುಗಳು ಹುಚ್ಚು ಹಿಡಿದಿದೆ ಅನ್ನುತ್ತಾರೆ. ಉಳಿಯೂ ಹೋಯಿತು, ನೀಲವ್ವನೂ ಹೋದಳು.'

ವೀಣೆಯನ್ನು ಹೊಸ್ತಿಲ ಬಿಸಿಲಿಗೆ ಎಳೆದ. ಮೇಣ ಮೆತ್ತಗಾಗುವವರೆಗೆ ಕಾದ. ಗುರುತನ್ನು ತಿಕ್ಕಿದ, ಒತ್ತಿದ, ಸಮ ಮಾಡಿದ. ಗುರುಗಳ ಹೆಜ್ಜೆ ಕೇಳಿಸಿತು. ಚಾಪೆಯ ಮೇಲೆ ವೀಣೆ ಇಟ್ಟು ಕೈಕಟ್ಟಿ ನಿಂತ.

"ಯಾರಪ್ಪ?"

"ಸಿದ್ಧಲಿಂಗಾಚಾರ್ಯರು, ಗುರುಗಳೇ. ಆ ಕಾಲದಲ್ಲಿ ಎಡಚರೆಂದರೆ ಅವರೊಬ್ಬರೇ."

"ಹೆಬ್ಬೆರಳಿನ ಗುರುತು?"

"ಇಲ್ಲ. ಸವೆದುಹೋಗಿದೆ."

ಗುರುಗಳು ಕೊಡ ಇಳಿಸಿದರು. ಕೋಪ ಮಾಡಿಕೊಳ್ಳಲಿಲ್ಲ. ವೀಣೆಯನ್ನು ಬೆಳಕಿಗೆ ತಿರುಗಿಸಿ, ಬಾ ಎಂದು ಕರೆದರು.

ಮೇಣ ಇನ್ನೂ ಮೆತ್ತಗಿತ್ತು. ಅದರ ಮೇಲೆ ಒಂದು ಹೆಬ್ಬೆರಳು, ನಡುವೆ ಚಂದ್ರನ ಗೆರೆ. ಮೊದಲಿಗಿಂತ ಸ್ಪಷ್ಟವಾಗಿ ಮೂಡಿತ್ತು.

ಮೌನೇಶ ತನ್ನ ಕೈ ನೋಡಿಕೊಂಡ. ಹೆಬ್ಬೆರಳ ತುದಿಯಲ್ಲಿ ಕರಿಮೇಣ ಅಂಟಿತ್ತು. ಅಳು ತಡೆಯಲಾಗದೆ ಗುರುಗಳ ಕಾಲು ಹಿಡಿದ.

"ತಪ್ಪಾಯಿತು ಗುರುಗಳೇ. ಅದು ನನ್ನದೇ ಗುರುತು. ಹೆದರಿ ಅಳಿಸಲು ಹೋದೆ."

ಗುರುಗಳು ಕೂಸಿಗೆ ಹೊದಿಸಿದಂತೆ ವೀಣೆಗೆ ಬಟ್ಟೆ ಸುತ್ತಿದರು. ಅದನ್ನು ಎತ್ತಿಕೊಂಡು ಅಟ್ಟದ ಏಣಿ ಹತ್ತತೊಡಗಿದರು.

"ಇನ್ನು ಹನ್ನೆರಡು ವರ್ಷ ನಾನು ಹೇಗೆ ಕಳೆಯಲಿ? ಅಲ್ಲಿ ನೀಲವ್ವ ಕಾಯುತ್ತಿದ್ದಾಳೆ ಗುರುಗಳೇ!"

ಗುರುಗಳು ಅರ್ಧ ಏಣಿಯಲ್ಲಿ ನಿಂತು ತಿರುಗಿ ನೋಡಿದರು.

"ಹೋದ ಜನ್ಮದಲ್ಲೂ ನೀನು ಅಳಿಸಲೆಂದೇ ಒತ್ತಿದ್ದೆ ಮೌನೇಶ. ಆಗಲೂ ಅವಳು ಕಾಯುತ್ತಿದ್ದಳು."