ಲೂರ್ದಮ್ಮನ ಅರ್ಧ ಪ್ರಾರ್ಥನೆ

ಇನ್ನಾಸಪ್ಪ ಮೇಸ್ತ್ರಿಯ ಮನೆಯಲ್ಲಿ ದಿನಾ ದೀಪ ಹಚ್ಚುವ ಹೊತ್ತಿಗೆ ಜಪ. ಮಕ್ಕಳಿರಲಿಲ್ಲ, ಗಂಡ ಹೆಂಡತಿ ಇಬ್ಬರೇ. ಆ ಊರಿನ ಕ್ರೈಸ್ತರ ಮನೆಗಳಲ್ಲಿ ಒಂದು ವಾಡಿಕೆ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಜಪದ ಹೊತ್ತಿನಲ್ಲಿ ಒಬ್ಬರೇ ಇಡಿಯಾಗಿ ಹೇಳುವುದಿಲ್ಲ. ಮೊದಲರ್ಧ ಮನೆಯ ಯಜಮಾನನದು, ಉಳಿದರ್ಧ ಮನೆಯವರದು. ದೇವರ ರಾಜ್ಯ ಬರಲಿ, ದೇವರ ಚಿತ್ತ ನೆರವೇರಲಿ ಅನ್ನುವುದೆಲ್ಲ ಇನ್ನಾಸಪ್ಪನ ಪಾಲು. ಅನ್ನ ಕೊಡಿ, ತಪ್ಪು ಮನ್ನಿಸಿ, ಕೇಡಿನಿಂದ ಕಾಪಾಡಿ ಅನ್ನುವುದು ಹೆಂಡತಿ ಲೂರ್ದಮ್ಮನ ಪಾಲು.

ಹೀಗಾಗಿ ನೋಡಿ, ತವರಿನಲ್ಲಿ ಅಪ್ಪನ ಜೊತೆ ಕೂತಾಗಲೂ ಅಷ್ಟೆ, ಇಲ್ಲಿಗೆ ಬಂದ ಮೇಲೂ ಅಷ್ಟೆ, ಲೂರ್ದಮ್ಮ ದೇವರನ್ನು ಕೇಳಿದ್ದೇ ಕೇಳಿದ್ದು. ಜಪ ಮುಗಿದ ಮೇಲೂ ಅವಳದು ಮುಗಿಯುತ್ತಿರಲಿಲ್ಲ. ಹಸು ಹೆಣ್ಣು ಕರು ಹಾಕಲಿ, ಮೊಣಕಾಲು ನೋವು ಹೋಗಲಿ, ಪಕ್ಕದ ಮನೆ ಮದಲಮ್ಮನ ಕೋಳಿಗಳು ನಮ್ಮ ಸೊಪ್ಪಿನ ಮಡಿಗೆ ಬಾರದಿರಲಿ! ಇನ್ನಾಸಪ್ಪ ನಗುತ್ತಿದ್ದ.

"ಲೂರ್ದೂ, ಆ ದೇವರಿಗೂ ಒಂದು ಮಾತಾಡೋಕೆ ಬಿಡೇ."

"ನಿಮಗೇನು ಗೊತ್ತು, ಸುಮ್ಮನಿರಿ," ಅನ್ನುತ್ತಿದ್ದಳು.

ಗಾರೆ ಕೆಲಸದ ಇನ್ನಾಸಪ್ಪನಿಗೆ ಸಿಮೆಂಟಿನ ದೂಳು ಎದೆಗೆ ಇಳಿದಿತ್ತು. ಕೆಮ್ಮು ಬಂತು, ಹೋಗಲಿಲ್ಲ. ಮೈಸೂರಿನ ಡಾಕ್ಟರು ಎದೆಯ ಫೋಟೊ ತೆಗೆಸಿ ನೋಡಿ, ಲೂರ್ದಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು. "ಇನ್ನು ನಮ್ಮ ಕೈಲಿ ಏನೂ ಇಲ್ಲಮ್ಮ. ಮನೆಗೆ ಕರೆದುಕೊಂಡು ಹೋಗಿ. ಬಾಯಿಗೆ ರುಚಿಸಿದ್ದು ಮಾಡಿಕೊಡಿ. ನೋಡಬೇಕಾದವರಿಗೆಲ್ಲ ಹೇಳಿಕಳಿಸಿ."

ಲೂರ್ದಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿಯೂ, ಹಾಗೇನೂ ಆಗುವುದಿಲ್ಲ ಅಂತ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಳು.

ಆ ಸಂಜೆ ಇನ್ನಾಸಪ್ಪನಿಗೆ ಉಸಿರು ಸಾಲದು. "ಇವತ್ತು ಮೊದಲರ್ಧ ನೀನೇ ಹೇಳು," ಅಂದ. ಅವಳು ಶುರು ಮಾಡಿದಳು. ದೇವರ ನಾಮ ಆಯಿತು, ರಾಜ್ಯ ಆಯಿತು. ನಿಮ್ಮ ಚಿತ್ತ ಅನ್ನುವಲ್ಲಿಗೆ ಬಂದು ನಾಲಿಗೆ ತಡೆಯಿತು. ಅಯ್ಯೋ, ಇದನ್ನು ಹೇಗೆ ಹೇಳುವುದು? ಬಾಯಿಬಿಟ್ಟು ಹೇಳಿದರೆ, ತಗೋ, ನನ್ನ ಗಂಡನನ್ನು ಕರೆದುಕೊಂಡು ಹೋಗು ಅಂತ ನಾನೇ ಒಪ್ಪಿಕೊಟ್ಟ ಹಾಗಲ್ಲವೇ? ಅವಳು ಆ ಮಾತನ್ನು ನುಂಗಿ, ತನಗೆ ರೂಢಿಯಾದ ಬೇಡಿಕೆಗಳಿಗೆ ದಡಬಡ ಹಾರಿದಳು.

"ಒಂದು ಮಾತು ಬಿಟ್ಟೆಯಲ್ಲೇ," ಅಂದ ಇನ್ನಾಸಪ್ಪ.

"ನಿಮಗೆ ಕಿವಿ ಮಂದ ಆಗಿದೆ."

ಅವನು ವಾದಿಸಲಿಲ್ಲ. "ಚೌರನ್ನ ಕರೆಸು," ಅಂದ.

ಚೌರಪ್ಪ ಅವನ ಒಡಹುಟ್ಟಿದ ತಮ್ಮ. ತಾಯಿಯನ್ನು ಮಣ್ಣು ಮಾಡಿದ ದಿನ ಕುಡಿದು ಬಂದಿದ್ದ ಅಂತ ಇನ್ನಾಸಪ್ಪ ಊರವರ ಮುಂದೆಯೇ ಅವನ ಕೆನ್ನೆಗೆ ಬಾರಿಸಿದ್ದ. ಅವತ್ತು ಹೋದ ತಮ್ಮ ಈ ಕಡೆ ತಲೆ ಹಾಕಿರಲಿಲ್ಲ. ಹುಣಸೂರಿನ ಹತ್ತಿರ ಎಲ್ಲೋ ಗ್ಯಾರೇಜು ಇಟ್ಟುಕೊಂಡಿದ್ದಾನೆ, ಕುಡಿತ ಬಿಟ್ಟಿದ್ದಾನೆ ಅಂತ ಸುದ್ದಿಯೂ ಅವನ ಫೋನ್ ನಂಬರೂ ಯಾರಿಂದಲೋ ಬಂದಿದ್ದವು.

"ಈಗೇಕೆ ಅವನು? ವಾಸಿ ಆಗಲಿ, ನೀವೇ ಹೋಗಿ ಬರುವಿರಂತೆ."

"ಹೊಡೆದ ಕೈ ಇದು, ಲೂರ್ದೂ. ಅವನ ಹತ್ತಿರ ಒಂದು ಮಾತು ಹೇಳಬೇಕು. ನಂಬರು ನಿನ್ನ ಫೋನಿನಲ್ಲಿದೆಯಲ್ಲ."

ಒಂದು ಫೋನು ಮಾಡಿದ್ದರೆ ಮುಗಿದಿತ್ತು. ಆದರೆ ಯಾರನ್ನಾದರೂ ಕರೆಸುವುದೆಂದರೆ ಏನು? ಸಾವಿಗೆ ಚಾಪೆ ಹಾಸಿದ ಹಾಗೆ. ಲೂರ್ದಮ್ಮ ಕರೆಸಲಿಲ್ಲ. ಅವನು ಮರುದಿನವೂ ಕೇಳಿದ. ಅದರ ಮರುದಿನವೂ ಕೇಳಿದ. ಅವನು ಕೇಳಲು ಶುರು ಮಾಡಿದರೆ ಅವಳು ಮೇಣದಬತ್ತಿ ಹಿಡಿದು ಚರ್ಚಿನ ಹಿಂದೆ ಯೇಸುಮಾತೆಯ ಪ್ರತಿಮೆ ಇಟ್ಟ ಗವಿಗೆ ಓಡಿಬಿಡುವಳು. ಮೊಣಕಾಲಲ್ಲಿ ಗವಿ ಸುತ್ತುವಳು, ಹರಕೆ ಕಟ್ಟುವಳು, ಮಾತೆಯ ಜೊತೆ ಜಗಳ ಆಡುವಳು. ಮನೆಯಲ್ಲಿ ಅವನು ಒಬ್ಬನೇ ಸೂರು ನೋಡುತ್ತ ಮಲಗಿರುವನು.

ಚರ್ಚಿನ ಸ್ವಾಮಿಗಳು ರೋಗಿಗಳಿಗೆ ಹಚ್ಚುವ ಪವಿತ್ರ ಎಣ್ಣೆ ಹಿಡಿದು ಬಂದರು. ಲೂರ್ದಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸ್ತೋತ್ರ ಸ್ವಾಮಿ. ದಮ್ಮಯ್ಯ, ಆ ಎಣ್ಣೆ ಒಳಗೆ ತರಬೇಡಿ. ಅದು ಬಂದ ಮನೆಯಲ್ಲಿ ಯಾರು ಎದ್ದಿದ್ದಾರೆ?"

"ಬಲ ಬರಲಿ ಅಂತ ಹಚ್ಚೋದಮ್ಮ ಇದು. ಗಂಡ ಉಳೀಲಿ ಅಂತ ಬೇಡು, ಬೇಡಬೇಡ ಅನ್ನೋದಿಲ್ಲ. ಯೇಸುಸ್ವಾಮಿಯೂ ಸಾಯೋ ಹಿಂದಿನ ದಿನ ಈ ಕಷ್ಟ ತಪ್ಪಿಸಪ್ಪಾ ಅಂತ ತಂದೆಯನ್ನ ಬೇಡಿಕೊಂಡರು. ಆದರೆ ಬೇಡಿ ಅಲ್ಲಿಗೇ ನಿಲ್ಲಿಸಲಿಲ್ಲ. ನಿನ್ನ ಇಷ್ಟದಂತೆ ಆಗಲಿ ಅಂತಲೂ ಅಂದರು."

"ಅವರು ದೇವರ ಮಗ, ಅದಕ್ಕೇ ಅಂದರು. ನನ್ನ ಕೈಲಿ ಆಗಲ್ಲ ಸ್ವಾಮಿ. ನಾಳೆ ಬನ್ನಿ."

ಸ್ವಾಮಿಗಳು ನಿಟ್ಟುಸಿರು ಬಿಟ್ಟು ಹೋದರು.

ಮರುದಿನ ಬೆಳಿಗ್ಗೆ ಲೂರ್ದಮ್ಮ ಗವಿಯಲ್ಲೇ ಇದ್ದಳು. ಗಂಡನಿಗೆ ಗಂಜಿ ಕುಡಿಸಲು ಮದಲಮ್ಮನಿಗೆ ಹೇಳಿ ಬಂದಿದ್ದಳು. ಇವಳು ಇನ್ನೂ ಬೇಡುತ್ತಿದ್ದಾಗಲೇ ಮದಲಮ್ಮ ಬಾಯಿ ಬಡಿದುಕೊಂಡು ಓಡಿ ಬಂದಳು.

"ಎರಡು ಗುಟುಕು ಕುಡಿದರು ಕಣಕ್ಕ. ಚೌರ ಬಂದನಾ ಅಂತ ಕೇಳಿದರು. ಇಲ್ಲ ಅಂತ ನಾನು ಹೇಳೋದರೊಳಗೆ ಹೋಗಿಬಿಟ್ಟರು."

ಚೌರಪ್ಪನಿಗೆ ಈಗ ಫೋನು ಹೋಯಿತು. ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಮಧ್ಯಾಹ್ನದ ಹೊತ್ತಿಗೆ ಬಂದುಬಿಟ್ಟ. ಅಷ್ಟು ಹತ್ತಿರ ಇದ್ದನಲ್ಲ ಅಂತ ಲೂರ್ದಮ್ಮ ಹಣೆ ಚಚ್ಚಿಕೊಂಡಳು. ಅವನು ಅಣ್ಣನ ಕಾಲ ಬಳಿ ಕೂತು ಬಹಳ ಹೊತ್ತು ಅತ್ತ. ಆಮೇಲೆ ತಲೆ ಎತ್ತಿ ಕೇಳಿದ.

"ಅತ್ತಿಗೆ, ಅಣ್ಣ ನನ್ನ ಮೇಲೆ ಕೋಪ ಇಟ್ಟುಕೊಂಡೇ ಹೋದನಾ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಮುಖ ನೋಡಿ ಆಗಲಿಲ್ಲ.

"ಇಲ್ಲಪ್ಪ. ದಿನಾ ನಿನ್ನನ್ನೇ ಕೇಳಿದರು. ಕರೆಸು ಕರೆಸು ಅಂದರು. ನಾನೇ ಪಾಪಿ, ಕರೆಸಲಿಲ್ಲ."

ಚೌರಪ್ಪ ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. "ನಾನೂ ಅವನ ಕಾಲು ಹಿಡಿಯಬೇಕು ಅಂತ ಎಷ್ಟೋ ಸಲ ಬಸ್ ಸ್ಟ್ಯಾಂಡಿನ ತನಕ ಬಂದು ವಾಪಸ್ ಹೋಗಿದ್ದೆ ಅತ್ತಿಗೆ. ಅವನು ಕರೆದಿದ್ದರೆ ಸಾಕಿತ್ತು," ಅಂದ.

ಮಣ್ಣಾದ ಮೇಲೆ ಲೂರ್ದಮ್ಮ ಸ್ವಾಮಿಗಳ ಹತ್ತಿರ ಹೋದಳು.

"ನಿಮ್ಮ ಚಿತ್ತ ಅಂತ ನಾನು ಹೇಳಲಿಲ್ಲ ಸ್ವಾಮಿ. ಅದಕ್ಕೇ ದೇವರು ಕೋಪ ಮಾಡಿಕೊಂಡು ಕರೆದುಕೊಂಡುಬಿಟ್ಟನೇ?"

"ಛೆ ಛೆ, ದೇವರು ಅಂಥವನಲ್ಲಮ್ಮ. ನೀನು ಹೇಳಿದ್ದರೂ ಇನ್ನಾಸಪ್ಪ ಹೋಗುತ್ತಿದ್ದ, ಹೇಳದಿದ್ದರೂ ಹೋದ." ಸ್ವಾಮಿಗಳು ಹೇಳುವುದೋ ಬೇಡವೋ ಅಂತ ನೋಡಿ, ಕೊನೆಗೆ ಹೇಳಿಯೇಬಿಟ್ಟರು. "ಹೇಳಿದ್ದರೆ ನೀನು ಗವಿಯಲ್ಲಿ ಇರುತ್ತಿರಲಿಲ್ಲ, ಅವನ ಪಕ್ಕದಲ್ಲಿ ಇರುತ್ತಿದ್ದೆ. ಚೌರಪ್ಪನೂ ಇರುತ್ತಿದ್ದ."

ಲೂರ್ದಮ್ಮನಿಗೆ ಅವತ್ತು ದೇವರನ್ನು ಕೇಳಲು ಏನೂ ಉಳಿದಿರಲಿಲ್ಲ.

ನೀತಿ: ದೇವರ ಹತ್ತಿರ ಏನು ಬೇಕಾದರೂ ಬೇಡಿ, ಅತ್ತುಕೊಂಡೇ ಬೇಡಿ, ತಪ್ಪಿಲ್ಲ. ಆದರೆ ನಿಮ್ಮ ಚಿತ್ತದಂತೆ ಆಗಲಿ ಅನ್ನುವ ಮಾತನ್ನು ಹೆದರಿ ನುಂಗಬೇಡಿ. ನಾವು ಒಪ್ಪಲಿಲ್ಲ ಅಂತ ಬರುವುದು ನಿಲ್ಲುವುದಿಲ್ಲ. ಒಪ್ಪಿಕೊಂಡವರಿಗೆ ಉಳಿದಷ್ಟು ಹೊತ್ತಾದರೂ ಕೈಗೆ ಸಿಗುತ್ತದೆ, ಒಪ್ಪದವರಿಗೆ ಅದೂ ತಪ್ಪಿಹೋಗುತ್ತದೆ.