ಕಾಗೆ ಮುಟ್ಟದ ಪಿಂಡ

“ಗುರುಗಳೇ, ನನ್ನ ಹೆಂಡತಿ ತೀರಿಕೊಂಡು ವರ್ಷವಾಯಿತು. ಇನ್ನೂ ದಿನವೂ ಕನಸಿಗೆ ಬರುತ್ತಾಳೆ. ನನ್ನ ತಾಯಿ ಆಕೆಯನ್ನು ಏನೋ ನೋಯಿಸಿರಬೇಕು. ಆಕೆ ನನ್ನನ್ನು ಬಿಟ್ಟುಹೋಗುವುದು ಯಾವಾಗ?” ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಬ್ಬ ಕುಂಬಾರನ ಹೆಂಡತಿ ತೀರಿಕೊಂಡಳು. ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಎಲೆ ಹಾಸಿ ಪಿಂಡ ಇಟ್ಟರು. ಕಾಗೆ ಮುಟ್ಟಿದರೆ ಸತ್ತವರು ತೃಪ್ತಿಯಿಂದ ಹೊರಟರೆಂದು ಅರ್ಥ. ಮುಟ್ಟುವ ತನಕ ಯಾರೂ ಉಣ್ಣುವಂತಿಲ್ಲ. ಕಾಗೆಗಳೇನೋ ಬಂದವು. ಆದರೆ ಕುಂಬಾರ ಎಲೆಯ ಪಕ್ಕದಿಂದ ಕದಲಲಿಲ್ಲ. ಒಂದು ಕಾಗೆ ಹತ್ತಿರ ಕುಪ್ಪಳಿಸಿದರೆ ಸಾಕು, ಎಲೆ ಸರಿಪಡಿಸುವವನ ಹಾಗೆ ಕೈ ಚಾಚುತ್ತಿದ್ದ. ಮುಟ್ಟಿಬಿಟ್ಟರೆ ಅವಳು ಹೊರಟೇ ಹೋಗುತ್ತಾಳಲ್ಲ! ಇನ್ನೊಂದು ಗಳಿಗೆ ಇರಲಿ ಎಂದು ಅವನ ಜೀವ ಒದ್ದಾಡುತ್ತಿತ್ತು. ನೆಂಟರು ಇದನ್ನು ಭಕ್ತಿಯೆಂದುಕೊಂಡು ಕಣ್ಣೊರೆಸಿಕೊಂಡರು.

ಹೊತ್ತು ನೆತ್ತಿಗೇರಿತು. ಹೊಟ್ಟೆ ಚುರುಗುಟ್ಟತೊಡಗಿದ ಮೇಲೆ ನೆಂಟರ ಕಣ್ಣೀರು ಆರಿತು, ನಾಲಿಗೆ ಸಡಿಲವಾಯಿತು. ಅವಳಿಗೇನೋ ಕೊರಗು ಉಳಿದಿದೆ, ಅತ್ತೆ ಏನು ಕಾಟ ಕೊಟ್ಟಿದ್ದಳೋ ಎಂದು ಗುಸುಗುಸು ಎದ್ದಿತು. ಕುಂಬಾರನ ಮುದಿತಾಯಿ ಆ ಮಾತು ಕೇಳಿಸಿಕೊಂಡಳು. ಮುಂದೆ ಬಂದು ಎಲೆಗೆ ಕೈಮುಗಿದಳು.

“ಸಾರಿಗೆ ಉಪ್ಪು ಜಾಸ್ತಿ ಅಂತ ಒಂದ್ಸಲ ಅಂದಿದ್ದೆ ಕಣವ್ವ. ಅದನ್ನ ಮನಸ್ಸಲ್ಲಿ ಇಟ್ಕೊಂಡಿದ್ರೆ ನಂದೇ ತಪ್ಪು. ಬಂದು ಉಣ್ಣು, ನನ್ನ ತಾಯಿ.”

ನಾಚಿಕೆಯಿಂದ ಕುಂಬಾರ ಹಿಡಿಯಾಗಿಹೋದ. ನಾಲ್ಕು ಹೆಜ್ಜೆ ಹಿಂದೆ ಸರಿದ. ಕೂಡಲೇ ಕಾಗೆ ಬಂದು ಪಿಂಡಕ್ಕೆ ಬಾಯಿ ಹಾಕಿತು.

“ನೋಡಿದ್ರಾ? ಅತ್ತೆ ತಪ್ಪು ಒಪ್ಕೊಂಡ್ಲು, ಕಾಗೆ ಬಂತು” ಎನ್ನುತ್ತ ನೆಂಟರು ಮನೆಯ ದಾರಿ ಹಿಡಿದರು.

ಊಟಕ್ಕೆ ಕೂತಾಗ ತಾಯಿ ತಲೆ ಎತ್ತಲಿಲ್ಲ. ಯಾರೂ ಅವಳನ್ನು ಮಾತನಾಡಿಸಲಿಲ್ಲ. ಕಾಗೆಯನ್ನು ತಡೆದವನು ನಾನೇ ಎಂದು ಹೇಳಲು ಕುಂಬಾರ ಎರಡು ಸಲ ಬಾಯಿ ತೆರೆದ. ಎರಡು ಸಲವೂ ತುತ್ತು ಒಳಗೆ ಹೋಯಿತೇ ಹೊರತು ಮಾತು ಹೊರಗೆ ಬರಲಿಲ್ಲ. ಆಮೇಲೆ ಆ ತಾಯಿ ಬದುಕಿದ್ದಷ್ಟು ದಿನವೂ ಅವನು ಅವಳ ಮುಖ ನೋಡಿ ಮಾತನಾಡಲಾರದೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ತನ್ನ ಹೆಂಡತಿ ಬಿಟ್ಟುಹೋಗುವುದು ಯಾವಾಗ ಎಂಬುದನ್ನು ಇನ್ನೂ ಹೇಳಲಿಲ್ಲವಲ್ಲ ಎಂದು ಶಿಷ್ಯ ಕಾದ.

“ನಿನ್ನ ತಾಯಿ ತಲೆ ಎತ್ತದೆ ಉಣ್ಣುತ್ತಿರುವುದು ಎಷ್ಟು ದಿನದಿಂದ?” ಎಂದು ಗುರುಗಳು ಕೇಳಿದರು.